ಮನೆವಾರ್ತೆ: ಹಟ ಹಿಡಿದ ಕಂಪ್ಯೂಟರು

ಕಳೆದ ಸಲ ಮಳೆಗಾಲದಲ್ಲಿ ಹಪ್ಪಳ ಕೆಡದಂತೆ ಇಡುವ ಬಗೆಯನ್ನು ಬರೆದಿದ್ದೆ. ಈ ಸಲ ಹಪ್ಪಳವಲ್ಲ, ಕಂಪ್ಯೂಟರು. ವಾಚಕರು ನಗಬಾರದು; ಈಗ ಅದೂ ಮನೆಯ ಸಾಮಾನೇ.

ಪುಣೆಯ ನಮ್ಮ ಮನೆಯ ಮೂಲೆಯಲ್ಲಿ 11 ವರ್ಷದಿಂದ ಒಂದು ಕಂಪ್ಯೂಟರು ಕುಳಿತಿದೆ. ಕಳೆದ ಮಾಗಿಯಲ್ಲಿ ಅದಕ್ಕೆ ಹಟ ಹಿಡಿಯಿತು. ಬೆಳಿಗ್ಗೆ ಗುಂಡಿ ಒತ್ತಿದರೆ ಉಸಿರಿಲ್ಲ. ಮಧ್ಯಾಹ್ನ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಏಳುವುದು. ಪೂರ್ತಿ ಕೆಟ್ಟ ಯಂತ್ರದ ರೋಗವನ್ನು ಹಿಡಿಯಬಹುದು. ಒಮ್ಮೊಮ್ಮೆ ಕೆಡುವ ಯಂತ್ರದ್ದೇ ಕಷ್ಟ.

ನನ್ನ ಗಾಬರಿಗೆ ಬೇರೆ ಕಾರಣವಿತ್ತು. ತೀರಿಹೋದ ನಮ್ಮ ತಂದೆಯವರು ಹೇಳಿ ಬರೆಯಿಸಿದ ಬಾಳಿನ ಕಥೆ, 140 ಪುಟ, ಅದರಲ್ಲಿತ್ತು. ಬೇರೆ ಪ್ರತಿ ಇರಲಿಲ್ಲ. ನಾಳೆ ಮಾಡಿದರಾಯಿತೆಂದು ಮೂರು ವರ್ಷ ಕಳೆದಿದ್ದೆ.

ಅಂಗಡಿಯವನೊಬ್ಬನು ನೋಡಿ, "ಮದರ್‌ಬೋರ್ಡು ಹೋಗಿದೆ, ಹೊಸ ಯಂತ್ರವನ್ನೇ ಕೊಳ್ಳಿ" ಎಂದನು. ಮನೆಯಾಕೆ ಮಾತ್ರ, "ರಾತ್ರಿ ಗೋಡೆಯ ಸ್ವಿಚ್ಚು ಆರಿಸಿದ ಮರುದಿನವೇ ಅಲ್ಲವೇ ಇದು ಏಳದಿರುವುದು?" ಎಂದಳು. ಒಂದು ವಾರ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದೆವು. ಅವಳೆಂದುದು ನಿಜ. ಸ್ವಿಚ್ಚು ಹಾಕಿ ಅರ್ಧ ಗಂಟೆ ಬಿಟ್ಟರೆ ಯಂತ್ರ ಏಳುತ್ತಿತ್ತು.

ಗುಟ್ಟು ಹೀಗಿದೆ. ಕಂಪ್ಯೂಟರಿನ ಮುಂದಿನ ಗುಂಡಿ ದೀಪದ ಸ್ವಿಚ್ಚಿನಂತಲ್ಲ. ಅದು ಬರಿಯ ಕರೆಗಂಟೆ. ಗೋಡೆಯ ಸ್ವಿಚ್ಚು ಹಾಕಿದೊಡನೆಯೇ ಪವರ್ ಸಪ್ಲೈ ಎಂಬ ಪೆಟ್ಟಿಗೆಯು 5 ವೋಲ್ಟಿನ ಸಣ್ಣ ವಿದ್ಯುತ್ತನ್ನು ಜೀವಂತವಾಗಿಟ್ಟಿರುತ್ತದೆ, ನಮ್ಮ ಅಜ್ಜಿಯರು ರಾತ್ರಿ ಬೂದಿ ಮುಚ್ಚಿ ಇಡುತ್ತಿದ್ದ ಕೆಂಡದ ಹಾಗೆ. ಗುಂಡಿ ಒತ್ತಿದಾಗ ಆ ಕೆಂಡದ ಬಲದಿಂದಲೇ ಮದರ್‌ಬೋರ್ಡು ಪೆಟ್ಟಿಗೆಯನ್ನು ಎಬ್ಬಿಸಬೇಕು. ಪೆಟ್ಟಿಗೆಯ ಕೆಪಾಸಿಟರುಗಳೊಳಗಿನ ದ್ರವ ವರ್ಷಗಳ ಕಾವಿಗೆ ಒಣಗುತ್ತ ಬಂದರೆ, ಚಳಿಯಲ್ಲಿ ಅವು ಸೋಲುತ್ತವೆ; ತುಸು ಬೆಚ್ಚಗಾದ ಮೇಲೆ ದಾರಿಗೆ ಬರುತ್ತವೆ.

ನಿಮ್ಮಲ್ಲಿಯೂ ಹೀಗಾದರೆ ಖರ್ಚಿಲ್ಲದ ಪರೀಕ್ಷೆಯಿಂದ ಆರಂಭಿಸಿರಿ. ಮೊದಲು ಅದೇ ಸಾಕೆಟ್ಟಿಗೆ ಮೇಜಿನ ದೀಪ ಹಚ್ಚಿ ನೋಡಿರಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿರಿ. ಹಿಂದಿನ ವೈರು ಸಡಿಲವಿದ್ದರೆ ಒತ್ತಿ ಕೂರಿಸಿರಿ. ಆಮೇಲೆ ವೈರನ್ನು ಕಿತ್ತು, ಗುಂಡಿಯನ್ನು 15 ಸೆಕೆಂಡು ಒತ್ತಿ ಹಿಡಿದು, ಮತ್ತೆ ಜೋಡಿಸಿರಿ. ಗುಂಡಿಯ ಮೇಲೆ ಸಂಶಯವಿದ್ದರೆ, ವೈರು ಕಿತ್ತಿರುವಾಗಲೇ, ಬಲ್ಲವರಿಂದ ರೀಸೆಟ್ ಗುಂಡಿಯ ಎಳೆಗಳನ್ನು ಪವರ್ ಗುಂಡಿಯ ಜಾಗಕ್ಕೆ ಹಾಕಿಸಿರಿ. ಆಗ ಪ್ರತಿಸಲವೂ ಎದ್ದರೆ ಕೆಟ್ಟದ್ದು ಗುಂಡಿಯೊಂದೇ. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಅದು ಬೇರೆ ರೋಗ. ಇಷ್ಟಕ್ಕೂ ಬಗ್ಗದಿದ್ದರೆ ಬೇರೊಂದು ಪವರ್ ಸಪ್ಲೈ ಹಾಕಿ ನೋಡುವುದು. ಆ ಪೆಟ್ಟಿಗೆಯನ್ನು ಮಾತ್ರ ಬಿಚ್ಚಕೂಡದು. ವೈರು ಕಿತ್ತ ಮೇಲೂ ಒಳಗೆ 300 ವೋಲ್ಟಿಗೆ ಮೀರಿದ ವಿದ್ಯುತ್ತು ಉಳಿದಿರಬಹುದು.

ಕೆಳಗಿನ ಮಹಡಿಯ ಹುಡುಗನು, "ಕಾಕಾ, ನಮ್ಮದನ್ನು ಹಾಕಿ ನೋಡೋಣ" ಎಂದು ತನ್ನ ಪೆಟ್ಟಿಗೆ ತಂದನು. ಮುಂಜಾನೆಯ ಚಳಿಯಲ್ಲಿಯೇ ಯಂತ್ರ ಮೊದಲನೆಯ ಒತ್ತಿಗೆ ಎದ್ದಿತು. ಮದರ್‌ಬೋರ್ಡು ಇಂದಿಗೂ ಹಳೆಯದೇ.

ಯಂತ್ರ ಏಳದಿದ್ದ ಮಾತ್ರಕ್ಕೆ ಡಿಸ್ಕಿನೊಳಗಿನ ಬರಹ ಅಳಿದಿರುವುದಿಲ್ಲ. ಡಿಸ್ಕನ್ನು ತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿ ಓದಬಹುದು. ಆದರೂ ಆ ಧೈರ್ಯದ ಮೇಲೆ ಮಲಗಬೇಡಿರಿ. ಹಟದ ಯಂತ್ರ ಎದ್ದ ಗಳಿಗೆಯಲ್ಲಿ ಮೊದಲು ಪ್ರತಿ ತೆಗೆಯಿರಿ, ಉಳಿದ ಕೆಲಸ ಆಮೇಲೆ. ನಾನು ಎರಡು ಪೆನ್‌ಡ್ರೈವಿಗೆ ತುಂಬಿ ಒಂದನ್ನು ಧಾರವಾಡದ ಅಕ್ಕನಿಗೆ ಕಳಿಸಿದೆ.

ಅಕ್ಕ ಫೋನು ಮಾಡಿ, "ಅಪ್ಪ ನನ್ನ ಬೈದದ್ದು ಸೈತ ಬರದೀಯಲ್ಲೋ ತಮ್ಮಾ!" ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತನಾಡಲಿಲ್ಲ.