ಊರಿನ ರಜೆ: ವಿಶ್ರಾಂತಿ ಯಾರಿಗೆ?

ಏಪ್ರಿಲ್ ತಿಂಗಳ ಪರೀಕ್ಷೆಗಳು ಮುಗಿಯುತ್ತ ಬಂದಂತೆ ಮುಂಬಯಿಯ ಕರಾವಳಿ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ಡೊಂಬಿವಲಿಯಿರಲಿ, ಬೊರಿವಲಿಯಿರಲಿ, ಮಾತಿನ ಕ್ರಮ ಒಂದೇ. ಯಾರ ಮನೆಯ ಮದುವೆ ಯಾವ ದಿನ, ಯಾವ ದೇವಸ್ಥಾನದ ಬ್ರಹ್ಮಕಲಶ ಎಂದು, ಕುಟುಂಬದ ಮನೆಯ ನೇಮ ಯಾವಾಗ? ಇವೆಲ್ಲವೂ ನಿಶ್ಚಯವಾದ ಮೇಲೆ ಉಳಿದ ದಿನಗಳಿಗೆ ‘ರಜೆ’ ಎಂಬ ಹೆಸರು. ಹೆಚ್ಚಿನ ವರ್ಷಗಳಲ್ಲಿ ಹಾಗೆ ಉಳಿಯುವ ದಿನಗಳೇ ಇರುವುದಿಲ್ಲ.

ಈ ರಜೆಯ ಜಮಾಖರ್ಚನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದಿಟ್ಟರೆ ಗೃಹಿಣಿಯ ಪುಟದಲ್ಲಿ ಜಮೆ ಎಂಬುದು ಕಾಣಿಸಲಾರದು. ವರ್ಷವಿಡೀ ಬೆಳಗಿನ ಐದಕ್ಕೆ ಎದ್ದು ಡಬ್ಬಿ ತುಂಬಿಸಿ, ಲೋಕಲ್ ಹಿಡಿದು ಕಛೇರಿಗೆ ಹೋಗಿ ಬರುವ ಹೆಣ್ಣುಮಗಳು ಊರಿನಲ್ಲಿ ಹದಿನೈದು ಇಪ್ಪತ್ತು ಜನರ ಅಡುಗೆಮನೆಯನ್ನು ಪ್ರವೇಶಿಸುತ್ತಾಳೆ. ಗಂಡಸರು ಚಾವಡಿಯಲ್ಲಿ ಎಲೆಯಡಿಕೆ ಮೆಲ್ಲುತ್ತ ಮುಂಬಯಿಯ ದಣಿವನ್ನು ವರ್ಣಿಸುತ್ತಿರುವಾಗ ಆಕೆ ಕಾಯಿ ತುರಿಯುತ್ತಿರುತ್ತಾಳೆ. ಹಿಂದಿರುಗಿದ ಮರುದಿನವೇ ಮತ್ತೆ ಡಬ್ಬಿ. ಇದನ್ನು ವಿಶ್ರಾಂತಿ ಎನ್ನುವುದಾದರೆ ದುಡಿಮೆಗೆ ಬೇರೊಂದು ಹೆಸರನ್ನು ಹುಡುಕಬೇಕಾದೀತು.

ಇಡೀ ಮೇ ತಿಂಗಳನ್ನು ಊರಿನಲ್ಲಿ ಕಳೆಯುವ ಪದ್ಧತಿಗೆ ಹಿಂದೆ ಸಕಾರಣವಿತ್ತು. ಮೊದಲು ಹಡಗಿನಲ್ಲಿ, ಅನಂತರ ಘಟ್ಟ ಹತ್ತಿಳಿಯುವ ಬಸ್ಸಿನಲ್ಲಿ ಮೈಕೈ ನೋಯಿಸಿಕೊಂಡು ತಲಪಿದವರು ನಾಲ್ಕು ದಿನಕ್ಕೆ ಹಿಂದಿರುಗುವಂತಿರಲಿಲ್ಲ. 1998ರ ಜನವರಿಯಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡ ಬಳಿಕ ಆ ಕಾರಣ ಅಳಿಯಿತು. ಮಧ್ಯಾಹ್ನ ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿದವರು ಮರುದಿನ ನಸುಕಿನಲ್ಲಿ ಉಡುಪಿಯಲ್ಲಿ ಇಳಿಯುತ್ತಾರೆ. ಕಾರಣ ಹೋದರೂ ಪದ್ಧತಿ ಮಾತ್ರ ಉಳಿದಿದೆ.

ಮೇ ತಿಂಗಳ ಪರವಾಗಿ ವಾದಿಸುವವರಿಗೂ ಉತ್ತರವಿಲ್ಲದಿಲ್ಲ. ಪತ್ತನಾಜೆಯೊಳಗೆ ನೇಮ, ಬಯಲಾಟಗಳೆಲ್ಲ ಮುಗಿಯಬೇಕು. ಮಳೆ ಹಿಡಿಯುವ ಮೊದಲು ಮದುವೆಗಳಾಗಬೇಕು. ಮಕ್ಕಳಿಗೆ ದೊಡ್ಡಪ್ಪ, ಅತ್ತೆಯರ ಮಕ್ಕಳೆಲ್ಲ ಒಟ್ಟಿಗೆ ಸಿಗುವುದು ಆಗಲೇ. ಹಲಸಿನ ಹಣ್ಣಿನ ವಾದಕ್ಕಂತೂ ಎದುರಾಡುವುದು ಕಷ್ಟ. ಆದುದರಿಂದ ಮೇ ತಿಂಗಳ ಪ್ರಯಾಣವನ್ನೇ ಬಿಡಬೇಕೆಂದು ಯಾರೂ ಹೇಳಬೇಕಾಗಿಲ್ಲ. ಅದರೊಳಗೆ ಮೂರು ದಿನಗಳನ್ನಾದರೂ ಯಾವ ಆಮಂತ್ರಣಕ್ಕೂ ಬಿಟ್ಟುಕೊಡದೆ ಕುಟುಂಬಕ್ಕೆಂದು ಮುಡಿಪಾಗಿಡಬೇಕೆಂಬುದಷ್ಟೇ ಇಲ್ಲಿನ ಅಭಿಪ್ರಾಯ.

ಆರೋಗ್ಯದ ದೃಷ್ಟಿಯಿಂದಲೂ ಇದು ಅಗತ್ಯ. ಕರಾವಳಿಯ ಮೇ ತಿಂಗಳಲ್ಲಿ ಉಷ್ಣಮಾಪಕ ತೋರಿಸುವ ಅಂಕೆ ಬಯಲುಸೀಮೆಗಿಂತ ಕಡಿಮೆಯಿದ್ದರೂ ಗಾಳಿಯಲ್ಲಿನ ತೇವದಿಂದಾಗಿ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈಯ ಕಾವು ಇಳಿಯುವುದಿಲ್ಲ. ಒಂದೇ ದಿನ ಮೂರು ಮದುವೆ ಮಂಟಪಗಳನ್ನು ಸುತ್ತುವ ರೇಷ್ಮೆ ಸೀರೆಯ ಹೆಂಗಸರೂ ಮುದುಕರೂ ತಲೆಸುತ್ತಿ ಕೂರುವುದು ಇದರಿಂದಲೇ. ಬೊಂಡ, ಮಜ್ಜಿಗೆ, ಪುನರ್ಪುಳಿ ಶರಬತ್ತು, ಗಂಜಿತಿಳಿ ಇವು ಅಂಗಡಿಯ ಬಣ್ಣದ ನೀರಿಗಿಂತ ಮೇಲು. ಆದರೆ ಮೂತ್ರಪಿಂಡದ ತೊಂದರೆಯುಳ್ಳವರು ಬೊಂಡವನ್ನು ಕುಡಿಯುವ ಮೊದಲು ವೈದ್ಯರನ್ನು ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರು ಹೊರಡುವ ಮೊದಲೇ ಸಲಹೆ ಪಡೆಯುವುದು ಒಳಿತು.

ಇನ್ನು ಕಡಲು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಕಾಪುವಿನಲ್ಲಿ 1901ರ ದೀಪಸ್ತಂಭ. ಮಲ್ಪೆಯಿಂದ ದೋಣಿಯಲ್ಲಿ ಹೋಗಿ ನೋಡಬಹುದಾದ ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳು. ಮದುವೆಗೆ ಹೋಗುವ ಬಾಡಿಗೆ ಕಾರಿನ ಕಿಟಕಿಯಿಂದಷ್ಟೇ ಇವುಗಳ ದಿಕ್ಕನ್ನು ಕಂಡ ಮುಂಬಯಿ ಮಕ್ಕಳು ಎಷ್ಟಿಲ್ಲ! ಅವರನ್ನು ಕರೆದೊಯ್ಯಬೇಕು, ಎಚ್ಚರದಿಂದ ಕರೆದೊಯ್ಯಬೇಕು. ಜುಹೂ ಕಿನಾರೆಯಲ್ಲಿ ಕಾಲು ನೆನೆಸಿದ ಧೈರ್ಯ ಅಲ್ಲಿ ಸಾಲದು. 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಮುರ್ಡೇಶ್ವರದಲ್ಲಿ ಕಡಲುಪಾಲಾದರು. ಮಳೆಗಾಲವಲ್ಲದ ತಿಂಗಳಲ್ಲೂ ಸೆಳೆತವಿರುತ್ತದೆ. ಜೀವರಕ್ಷಕರಿಲ್ಲದ ಕಡೆ ನೀರಿಗಿಳಿಯಬಾರದು. ಮೀನುಗಾರರು ಬೇಡವೆಂದ ಜಾಗದಲ್ಲಿ ವಾದ ಮಾಡಬಾರದು. ಸೆಳೆತಕ್ಕೆ ಸಿಕ್ಕಿದವರು ದಡದತ್ತ ನೇರವಾಗಿ ಈಜಿ ಬಲಗೆಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು.

ಈ ಮೂರು ದಿನ ತಂಗುವುದೆಲ್ಲಿ ಎಂಬಲ್ಲಿ ಜಗಳ ಹುಟ್ಟುತ್ತದೆ. “ಮನೆಯಿರುವಾಗ ಲಾಡ್ಜಿನಲ್ಲೇಕೆ?” ಎಂದು ಹಿರಿಯರು ನೊಂದುಕೊಳ್ಳುವುದು ಸಹಜವೇ. ಅದಕ್ಕೊಂದು ಉಪಾಯವೆಂದರೆ ಹಿರಿಯರನ್ನೂ ಜತೆಗೆ ಕರೆದೊಯ್ಯುವುದು. ಕಡಲಿನಿಂದ ನಾಲ್ಕು ಮೈಲು ದೂರದಲ್ಲಿ ಹುಟ್ಟಿ ಬೆಳೆದ ಅತ್ತೆಯೊಬ್ಬಳು ಮೊಮ್ಮಕ್ಕಳೊಡನೆ ಸುಮ್ಮನೆ ಮರಳಿನ ಮೇಲೆ ಒಂದು ಸಂಜೆ ಕುಳಿತದ್ದು ಆಕೆಯ ಎಪ್ಪತ್ತು ವರ್ಷಗಳಲ್ಲಿ ಎಷ್ಟು ಸಲ? ವಿಶ್ರಾಂತಿಯ ಪುಟ ಖಾಲಿಯಿರುವುದು ಸೊಸೆಯದೊಂದೇ ಅಲ್ಲ. ಖರ್ಚಿನ ಮಾತೆತ್ತುವವರು ಉಡುಗೊರೆಗೂ ಬಾಡಿಗೆ ಕಾರಿಗೂ ಮೇ ತಿಂಗಳಲ್ಲಿ ತೆತ್ತ ಮೊತ್ತವನ್ನು ಒಮ್ಮೆ ಕೂಡಿಸಿ ನೋಡಲಿ. ಎರಡು ರಾತ್ರಿಯ ಕೋಣೆಯ ಬಾಡಿಗೆ ಅದರ ಮುಂದೆ ದೊಡ್ಡದಾಗಿ ಕಾಣದು.

ಮದುವೆಗಳ ಹಂಗಿಲ್ಲದವರಿಗೆ ದೀಪಾವಳಿಯ ಶಾಲಾ ರಜೆಯೇ ಉತ್ತಮ. ಗುಡುಗುಮಳೆ ಒಮ್ಮೊಮ್ಮೆ ಬಂದರೂ ಬಿಸಿಲು ಹಿತವಾಗಿರುತ್ತದೆ, ಗದ್ದೆಗಳಲ್ಲಿ ಕೊಯ್ಲು ನಡೆದಿರುತ್ತದೆ, ಅಜ್ಜಿಗೆ ಮೊಮ್ಮಕ್ಕಳ ಮಾತು ಕೇಳಲು ಬಿಡುವಿರುತ್ತದೆ. ಆದರೆ ಟಿಕೇಟಿನ ಲೆಕ್ಕ ಬಿಗಿಯಾದದ್ದು. 2024ರ ನವೆಂಬರಿನಿಂದ ರೈಲ್ವೆ ಮುಂಗಡ ಕಾದಿರಿಸುವಿಕೆಯ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಿದೆ. ದೀಪಾವಳಿಯ ಹಿಂದುಮುಂದಿನ ಪ್ರಯಾಣಕ್ಕೆ ಸಾಮಾನ್ಯವಾಗಿ ಗಣೇಶ ಚೌತಿಯ ಹಿಂದಿನ ವಾರದಲ್ಲೇ ಕಾದಿರಿಸುವಿಕೆ ತೆರೆಯುತ್ತದೆ. ಮನೆಮಂದಿ ಕುಳಿತು ದಿನ ನಿಶ್ಚಯಿಸುವ ಕೆಲಸ ಅದಕ್ಕಿಂತ ಮೊದಲೇ ಆಗಬೇಕು. ಆ ಮಾತುಕತೆಯ ಹೊತ್ತಿಗೆ ಮನೆಯಾಕೆಯನ್ನು ಅಡುಗೆಮನೆಯಿಂದ ಹೊರಗೆ ಕರೆಯಬೇಕು.