‘ಮೆಲಿಸ್’: ಒಂದು ಶಬ್ದದ ಸವಿ

ಶಬ್ದಗಳ ಮೂಲವನ್ನು ಅರಸುವುದು ಪಂಡಿತರ ಕಾಲಹರಣವೆಂದು ಭಾವಿಸುವವರು ನಮ್ಮಲ್ಲುಂಟು. ಆದರೆ ಒಂದು ಜನಾಂಗದ ಬಾಳುವೆ ಅದರ ರುಚಿಯ ಮಾತುಗಳಲ್ಲಿ ಅಡಗಿರುತ್ತದೆಂಬುದಕ್ಕೆ ವೇಲ್ಸ್ ನಾಡಿನ ‘ಮೆಲಿಸ್’ ಎಂಬ ಪದವೇ ಸಾಕ್ಷಿ. ವೆಲ್ಷ್ ಭಾಷೆಯಲ್ಲಿ ಇದಕ್ಕೆ ಸಿಹಿ ಎಂದರ್ಥ.

ಅಲ್ಲಿ ಜೇನಿಗೆ ‘ಮೇಲ್’ ಎಂದು ಹೆಸರು. ಮೆಲಿಸ್ ಅದೇ ಬೇರಿನಿಂದ ಚಿಗುರಿದ್ದು. ಐರಿಷಿನ ‘ಮಿಲಿಶ್’ ಅದರ ಒಡಹುಟ್ಟು. ಗ್ರೀಕಿನ ‘ಮೆಲಿ’, ಲ್ಯಾಟಿನ್ನಿನ ‘ಮೆಲ್’ ದೂರದ ಬಂಧುಗಳು. ಸಕ್ಕರೆಯನ್ನು ಕಾಣದ ಆ ಕಾಲದಲ್ಲಿ ಸಿಹಿಗೆ ಜೇನೇ ಅಳತೆಗೋಲು. ಜೇನನ್ನು ಹುದುಗಿಸಿ ಮಾಡಿದ ಪಾನೀಯ ‘ಮೇದ್’. 10ನೆಯ ಶತಮಾನದ ಅರಸ ಹಿವೆಲ್ ದಾನ ಹೆಸರಿನಲ್ಲಿ ಪ್ರಸಿದ್ಧವಾದ ಕಟ್ಟಳೆಗಳು ಅದನ್ನು ಸಿದ್ಧಪಡಿಸುವವನನ್ನು ಆಸ್ಥಾನದ ಅಧಿಕಾರಿಗಳಲ್ಲಿ ಎಣಿಸುತ್ತವೆ. ಈ ಮೇದ್ ಮತ್ತು ಸಂಸ್ಕೃತದ ‘ಮಧು’ ಒಂದೇ ಮೂಲದವು. ನಮ್ಮಲ್ಲಿ ಮಧುವಿನಿಂದ ‘ಮಧುರ’ ಬಂದಂತೆ ಅಲ್ಲಿ ಮೇಲ್‌ನಿಂದ ಮೆಲಿಸ್ ಬಂದಿತು. ಬೇರುಗಳು ಬೇರೆಯಾದರೂ ನಡೆದ ಹಾದಿ ಒಂದೇ. ಮಧುರದಂತೆಯೇ ಮೆಲಿಸ್ ಕೂಡ ನಾಲಗೆಯನ್ನು ದಾಟಿ ದನಿಗೂ ನಿದ್ರೆಗೂ ವಿಶೇಷಣವಾಯಿತು.

ಇಂಥ ನುಡಿಯನ್ನೇ ಆಡಕೂಡದೆಂದು 19ನೆಯ ಶತಮಾನದಲ್ಲಿ ಅಲ್ಲಿನ ಹಲವು ಶಾಲೆಗಳು ವಿಧಿಸಿದುದು ಶೋಚನೀಯ. ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ‘ವೆಲ್ಷ್ ನಾಟ್’ ಎಂಬ ಮರದ ತುಂಡನ್ನು ತೂಗುಹಾಕುತ್ತಿದ್ದರು. ಅದು ಮಗುವಿನಿಂದ ಮಗುವಿಗೆ ದಾಟಿ, ಸಂಜೆ ಯಾರ ಕೊರಳಲ್ಲಿ ಉಳಿಯುವುದೋ ಆ ಮಗುವಿಗೆ ಏಟು ಬೀಳುತ್ತಿತ್ತು. ಸರ್ಕಾರದ ಯಾವ ಕಾನೂನೂ ಇದನ್ನು ಕಡ್ಡಾಯ ಮಾಡಿರಲಿಲ್ಲ. ತೂಗುಹಾಕಿದ್ದು ಉಪಾಧ್ಯಾಯರ ಕೈ. ಇಂಗ್ಲಿಷ್ ಕಲಿತರೆ ಮಗು ಬದುಕಿಕೊಂಡೀತೆಂಬ ಆಸೆಯಿಂದ ಎಷ್ಟೋ ತಂದೆತಾಯಿಗಳೂ ಇದಕ್ಕೆ ಸಮ್ಮತಿಸಿದ್ದರು. ಶಿಕ್ಷಕರಾದ ನಾವು ಮನಗಾಣಬೇಕಾದ ಸಂಗತಿ ಇದು.

ಕೆಡಿಸಿದ್ದನ್ನು ಕಟ್ಟಲು ಬಹುಕಾಲ ಬೇಕಾಯಿತು. 1921ರಲ್ಲಿ ಕೈಗೊಂಡ ವೇಲ್ಸ್ ವಿಶ್ವವಿದ್ಯಾನಿಲಯದ ನಿಘಂಟು ಪೂರ್ಣಗೊಂಡಿದ್ದು 2002ರಲ್ಲಿ. 2011ರಲ್ಲಿ ಆ ಭಾಷೆಗೆ ವೇಲ್ಸಿನಲ್ಲಿ ಶಾಸನಬದ್ಧ ಅಧಿಕೃತ ಸ್ಥಾನ ದೊರೆಯಿತು. ಆದರೂ 2021ರ ಜನಗಣತಿಯಲ್ಲಿ ಅದನ್ನು ಬಲ್ಲೆವೆಂದವರು ಶೇಕಡ 17.8 ಮಾತ್ರ.

ಇಂಗ್ಲಿಷನ್ನು ನಮ್ಮ ಮಕ್ಕಳು ಚೆನ್ನಾಗಿಯೇ ಕಲಿಯಲಿ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ಮನೆಯ ಮಾತಿಗೆ ನಾಚುವುದನ್ನು ಮಾತ್ರ ಶಾಲೆ ಕಲಿಸಬಾರದು. ಪಾಠದ ನಡುವೆ ಒಂದು ಪದದ ಹುಟ್ಟನ್ನು ಎರಡು ನಿಮಿಷ ವಿವರಿಸಿದರೆ ಮಗುವಿಗೆ ತನ್ನ ನುಡಿಯಲ್ಲಿ ಗೌರವ ಮೂಡುತ್ತದೆ. ಕಟ್ಟಡಗಳಿಗೆ ಉದಾರವಾಗಿ ನೆರವಾಗುವ ದಾನಿಗಳು ತರಗತಿಗೊಂದು ಒಳ್ಳೆಯ ಕನ್ನಡ ನಿಘಂಟನ್ನೂ ಕೊಡಿಸಿದರೆ ಅದು ಚಿರಕಾಲದ ಕೊಡುಗೆಯಾದೀತು. ‘ಸಿಹಿಯಾಗಿದೆ, ಇನ್ನಷ್ಟು ಕೊಡು’ ಎಂಬರ್ಥದ ಗಾದೆಯೊಂದು ವೇಲ್ಸಿನಲ್ಲಿದೆ. ನಮ್ಮ ಮಕ್ಕಳೂ ಕನ್ನಡವನ್ನು ಹಾಗೆ ಕೇಳಿ ಪಡೆಯುವಂತಾಗಲಿ.