ಮಹಾಮಹತ್ತಿನ ತೀರ್ಪು

ಧರ್ಮಗುರುಗಳು ನಾಡಿನ ನ್ಯಾಯದ ಹೊಣೆಯನ್ನೂ ಹೊತ್ತ ಪ್ರಸಂಗವೊಂದು ಹಳೇಬೀಡಿನ 1638ರ ಶಾಸನದಲ್ಲಿದೆ. ಅಲ್ಲಿ ನ್ಯಾಯ ಕೇಳಿದವರು ಜೈನರು. ಹೇಳಿದವರು ವೀರಶೈವ ಗುರುಹಿರಿಯರ ಸಭೆಯಾದ ಮಹಾಮಹತ್ತು. ದೂರು ಇದ್ದದ್ದು ವೀರಶೈವನೊಬ್ಬನ ಮೇಲೆಯೇ.

ವಿವಾದ ಹುಟ್ಟಿದ್ದು ವಿಜಯ ಪಾರ್ಶ್ವನಾಥ ಬಸದಿಯಲ್ಲಿ. ದಂಡನಾಯಕ ಗಂಗರಾಜ ತೀರಿಕೊಂಡ ಮೇಲೆ ಅವನ ನೆನಪಿಗೆಂದು ಮಗ ಬೊಪ್ಪ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ಹೊಯ್ಸಳ ದೊರೆ ವಿಷ್ಣುವರ್ಧನನ ಕೈಸೇರುವ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಜಯವಾಗಿತ್ತು, ಮಗನೂ ಹುಟ್ಟಿದ್ದ. ದೇವರ ಹೆಸರಿಗೆ 'ವಿಜಯ' ಸೇರಿದ್ದು ಹೀಗೆ. ಅರಸೀಕೆರೆಯಲ್ಲಿ 1220ರಲ್ಲಿ ಸಹಸ್ರಕೂಟ ಜಿನಾಲಯ ಕಟ್ಟಿಸಿದ ರೇಚರಸನೂ ರಾಜಕಾರ್ಯದವನೇ. ಹೊಯ್ಸಳರ ಕಾಲದ ಈ ಕಥೆಗಳಲ್ಲಿ ಅಧಿಕಾರಸ್ಥರು ಧರ್ಮಕಾರ್ಯಕ್ಕೆ ಬರುತ್ತಾರೆ. 1638ರಲ್ಲಿ ಧರ್ಮದ ಹಿರಿಯರೇ ಅಧಿಕಾರದ ಪೀಠಕ್ಕೆ ಬಂದರು.

ಆಗ ಈ ಸೀಮೆ ಬೇಲೂರಿನ ವೆಂಕಟಾದ್ರಿ ನಾಯಕನ ಆಳ್ವಿಕೆಯಲ್ಲಿತ್ತು. ಹುಚ್ಚಪ್ಪದೇವ ಎಂಬ ವೀರಶೈವನು ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆ ಒತ್ತಿದ. ನುಣುಪಾಗಿ ಹೊಳೆಯುವ ಆ ಕಂಬಗಳನ್ನು ಕಂಡವರಿಗೆ ಜೈನರ ನೋವು ಎಷ್ಟಿತ್ತೆಂದು ಹೇಳಬೇಕಾಗಿಲ್ಲ. ಮುದ್ರೆಯನ್ನು ಅಳಿಸಲಾಯಿತು, ಜಗಳ ಬೆಳೆಯಿತು, ಜೈನರು ದೂರು ಒಯ್ದರು. ನಾಯಕನ ಕಡೆಯವರು ಮತ್ತು ಮಹಾಮಹತ್ತಿನವರು ಕೂಡಿ ವಿಚಾರಿಸಿ ಕಟ್ಟುಮಾಡಿದರು: ಮೊದಲು ವಿಭೂತಿ ವೀಳ್ಯ ಸಲ್ಲಬೇಕು, ಆಮೇಲೆ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಹಿಂದಿನಂತೆಯೇ ಸೂರ್ಯಚಂದ್ರರಿರುವವರೆಗೆ ನಡೆಸಿಕೊಳ್ಳಬಹುದು.

ಇದು ಸಮಾನರ ನಡುವಿನ ಒಪ್ಪಂದವಲ್ಲ. ಜಿನಮಂದಿರದಲ್ಲಿ ವಿಭೂತಿಗೆ ಮೊದಲ ಮರ್ಯಾದೆ ಎಂಬ ಷರತ್ತಿನಲ್ಲಿ ಯಾರ ಕೈ ಮೇಲಾಗಿತ್ತೆಂಬುದು ಸ್ಪಷ್ಟವಾಗಿದೆ. ಆದರೂ ಪೂಜೆಯ ಹಕ್ಕು ಉಳಿಯಿತು. ಬಲವಿದ್ದವರು ಬಸದಿಯನ್ನು ಕಸಿದುಕೊಳ್ಳಲಿಲ್ಲ.

ಇಂಥ ಹೊಣೆ ಧರ್ಮಗುರುವಿಗೆ ಬಿದ್ದದ್ದು ಇದೇ ಮೊದಲಲ್ಲ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ರಾಜಿ ಮಾಡಿಸಿದ. ಅದರ ಜಾರಿಯ ಕೆಲಸ ತಿರುಮಲೆಯ ತಾತಯ್ಯನ ಪಾಲಿಗೆ ಬಂತು: ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ, ಶ್ರವಣಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡುವುದು, ಮಿಕ್ಕ ದುಡ್ಡಿನಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದು. ವೈಷ್ಣವ ಹಿರಿಯನೊಬ್ಬ ಹೀಗೆ ಜೈನ ಕ್ಷೇತ್ರದ ರಕ್ಷಣೆಗೆ ನಿಂತ.

ತಾತಯ್ಯನ ಕೈಯಲ್ಲಿ ಹಣವೂ ಕಾವಲಿನ ಆಳುಗಳೂ ಇದ್ದರೆ ಮಹಾಮಹತ್ತಿನ ಕೈಯಲ್ಲಿದ್ದದ್ದು ತಮ್ಮವರ ಭಕ್ತಿಯ ಮೇಲಿನ ಹಿಡಿತ. ಹಳೇಬೀಡಿನ ಶಾಸನದ ಶಾಪವಾಕ್ಯ ಆ ಹಿಡಿತವನ್ನೇ ಬಳಸುತ್ತದೆ. ಜೈನರ ಪೂಜೆಗೆ ಅಡ್ಡಿ ಮಾಡುವ ವೀರಶೈವನು ಶಿವದ್ರೋಹಿ. ವಿಭೂತಿಗೆ, ರುದ್ರಾಕ್ಷಿಗೆ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ತಪ್ಪಿ ನಡೆದವನು ಎಂದು ಅದು ಸಾರುತ್ತದೆ.